ಕೆರೆಯ ಕಳೆ ಒಂದೇ ಏಟಿಗೆ ಸಾಯಿಸಿಕೊಡ್ತೀವಿ ಅನ್ನೋರು ಬಂದರೆ ಎಚ್ಚರ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಹೊಂಡದಲ್ಲೋ ಸಣ್ಣ ಕೆರೆಯಲ್ಲೋ ಮೀನು ಬಿಟ್ಟವರು ಇದನ್ನು ಓದಿ. ಬೇಸಿಗೆಯಲ್ಲಿ ನೀರು ಇಳಿಯುತ್ತಿದ್ದಂತೆ ಕೆಲವರು ಬೈಕಿಗೆ ಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ನೀರೊಳಗಿನ ಕಳೆಯನ್ನು ಬೇರುಸಹಿತ ತೆಗೆದುಕೊಡುತ್ತೇವೆ ಅನ್ನುತ್ತಾರೆ. ನಾವು ಕೆಲವರು ಸೇರಿ ಗುತ್ತಿಗೆ ಹಿಡಿದಿದ್ದ ಕೆರೆಗೂ ಬಂದಿದ್ದರು. ಕಾಟ್ಲಾ, ರೋಹು ಮಾರುವ ಗಾತ್ರಕ್ಕೆ ಬಂದಿದ್ದವು. ಈಗ ಒಂದೂ ಇಲ್ಲ.

ಬಲೆಗೆ ಕಳೆ ಸಿಕ್ಕುತ್ತಿತ್ತು, ನಿಜ. "ಅಣ್ಣಾರ, ಇದು ಬರೇ ಕಸ ಐತ್ರಿ. ಎಂಟ್ ದಿನದಾಗ ನೀರು ಕನ್ನಡಿ ಆಗತೈತಿ ನೋಡ್ರಿ" ಅಂದ ಆ ಪುಣ್ಯಾತ್ಮ. ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ಬೇರೆ ತೋರಿಸಿದ. ದೊಡ್ಡ ಕೆರೆಯಲ್ಲಿ ಮಷಿನ್ ಹಾಕಿ ಹೈಡ್ರಿಲ್ಲಾ ಅನ್ನೋ ನೀರೊಳಗಿನ ಗಿಡ ಕೊಯ್ಯುತ್ತಿದ್ದರು. ನಮ್ಮ ಕೆರೆಯಲ್ಲಿದ್ದದ್ದೂ ಅದೇ. ವಿಡಿಯೊ ಸುಳ್ಳಲ್ಲ. ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಹಿಂದೆ ಫ್ಲಾರಿಡಾಕ್ಕೆ ಹೋಯಿತು, ಅಲ್ಲಿ ಹೊರಗಿನಿಂದ ಬಂದ ಪೀಡೆ. ಇಲ್ಲಿ ಅದು ನಮ್ಮ ನೀರಿನದೇ ಗಿಡ. ಅಲ್ಲಿನ ರೋಗಕ್ಕೆ ಇಲ್ಲಿ ಔಷಧಿ ಮಾರುವುದು ಒಳ್ಳೆ ವ್ಯಾಪಾರ ಅಲ್ವಾ?

ಮಾತಾಗಿದ್ದು ಅರ್ಧ ಕೆರೆಗೆ ಮಾತ್ರ. ಉಳಿದ ಅರ್ಧ ಆಮೇಲೆ ನೋಡೋಣ ಅಂತ. ಆತನಿಗೆ ಮುಂದಿನ ಊರಿಗೆ ಹೋಗುವ ಅವಸರ. ಒಂದೇ ಮಧ್ಯಾಹ್ನ ಇಡೀ ಕೆರೆಗೆ ಸುರಿದು ಹೋದ. ಕ್ಯಾನ್ ಮೇಲೆ ಚೀಟಿಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಮೋಸ ಇರುವುದು ಇದರ ನಂತರದ ದಿನಗಳಲ್ಲಿ. ಗಿಡ ಕಂದು ತಿರುಗಿ ತಳಕ್ಕೆ ಕುಸಿಯುತ್ತದೆ. ನೀರು ನಿಜಕ್ಕೂ ತಿಳಿಯಾಗಿ ಕಾಣುತ್ತದೆ. ಬಾಕಿ ದುಡ್ಡು ಕೇಳಲು ಬರುವುದು ಸರಿಯಾಗಿ ಆಗಲೇ. ನಾವೂ ಕೊಟ್ಟೆವು, ಕಣ್ಣೆದುರಿಗೆ ತಿಳಿನೀರು ಇತ್ತಲ್ಲ. ಆಮೇಲೆ ಕೊಳೆತ ವಾಸನೆ ಶುರುವಾಯಿತು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಮೊದಲು ದೊಡ್ಡವು ಸತ್ತವು, ಆಮೇಲೆ ಸಣ್ಣವು. ಫೋನ್ ಮಾಡಿದರೆ "ನಿಮ್ಮ ಮೀನಿಗೆ ರೋಗ ಬಂದೈತ್ರಿ" ಅಂದ. ಮತ್ತೆ ಮಾಡಿದರೆ ಸ್ವಿಚ್ ಆಫ್.

ರೋಗ ಅಲ್ಲ ಅಂತ ಹೇಗೆ ಗೊತ್ತು? ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದ ನನ್ನ ಸೋದರತ್ತೆಯ ಮಗ ಬಂದು ದಂಡೆಯಲ್ಲಿ ನಿಂತು ಕೇಳಿದ್ದು ಇಷ್ಟೇ: ಯಾವ ಹೊತ್ತಿಗೆ ಸತ್ತವು, ಯಾವ ಗಾತ್ರದವು ಮೊದಲು ಸತ್ತವು, ಕೊರವ ಮೀನು ಉಳಿದಿದೆಯಾ? ಕೊರವ ಉಳಿದಿತ್ತು. ಅದು ಮೇಲೆ ಬಂದು ಗಾಳಿ ಕುಡಿದು ಬದುಕಬಲ್ಲದು. ಬರೇ ವಿಷವಾಗಿದ್ದರೆ ಸಾಮಾನ್ಯವಾಗಿ ಸಣ್ಣ ಮೀನು ಮೊದಲು ಸಾಯುತ್ತವೆ. ದೊಡ್ಡವು ಮೊದಲು, ಅದೂ ನಸುಕಿನಲ್ಲಿ ಸತ್ತರೆ, ನೀರಲ್ಲಿ ಆಮ್ಲಜನಕ ಮುಗಿದಿದೆ ಅಂತ ತಿಳಿಯಬೇಕು.

ಶಾಲೆಯಲ್ಲಿ ಆಲಿಕೆ ಮುಚ್ಚಿ ಹೈಡ್ರಿಲ್ಲಾದಿಂದ ಗುಳ್ಳೆ ಬರುವುದನ್ನು ತೋರಿಸಿದ್ದರು, ನೆನಪಿದೆಯಾ? ಅದೇ ಗಿಡ ಇದು. ಹಗಲು ಬಿಸಿಲಲ್ಲಿ ನೇರವಾಗಿ ನೀರಿಗೇ ಆಮ್ಲಜನಕ ಬಿಡುತ್ತದೆ. ರಾತ್ರಿ ಗಿಡ, ಮೀನು, ಹುಳ ಎಲ್ಲವೂ ಅದನ್ನೇ ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಅದು ತೀರಾ ಕಡಿಮೆ ಇರುತ್ತದೆ. ಬಿಸಿ ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿಯೂ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನಿಗೆ 5 ಇದ್ದರೆ ಒಳ್ಳೆಯದು, 2–3ಕ್ಕಿಂತ ಇಳಿದರೆ ಬಾಯಿ ಬಿಡುತ್ತವೆ. ಇಂಥ ಹೊತ್ತಲ್ಲಿ ಗಿಡವನ್ನೆಲ್ಲ ಒಟ್ಟಿಗೆ ಸಾಯಿಸಿದರೆ ಆಮ್ಲಜನಕ ಬರುವ ದಾರಿ ಮುಚ್ಚುತ್ತದೆ. ಕೊಳೆಯುವ ರಾಶಿ ಉಳಿದಿದ್ದನ್ನೂ ತಿಂದು ಹಾಕುತ್ತದೆ.

ಮೀನು ಹೋದದ್ದು ಒಂದು ನಷ್ಟ. ನೀರು ಕೆಟ್ಟದ್ದು ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ ನನಗೆ. ಹೊಲದಿಂದ ಹರಿದು ಬಂದ ಗೊಬ್ಬರದ ಸಾರವನ್ನು ಈ ಗಿಡಗಳು ಹೀರಿ ಇಟ್ಟುಕೊಂಡಿದ್ದವು. ಸೆರಟೋಫಿಲ್ಲಂ ಅಂತ ಒಂದಿದೆ, ನರಿಬಾಲದ ಹಾಗೆ ಇರುತ್ತದೆ, ಅದಕ್ಕೆ ಬೇರೇ ಇಲ್ಲ, ನೀರಿನಿಂದಲೇ ಹೀರುತ್ತದೆ. ಪಾಚಿ ತಿನ್ನುವ ಸಣ್ಣ ನೀರುಹುಳಗಳು ಮೀನಿನ ಬಾಯಿಂದ ತಪ್ಪಿಸಿಕೊಂಡು ಅಡಗುವುದೂ ಈ ಗಿಡಗಳ ನಡುವೆಯೇ. ಗಿಡ ಕೊಳೆತಾಗ ಆ ಸಾರವೆಲ್ಲ ನೀರಿಗೆ ಬಂತು, ಪಾಚಿಗೆ ಹಬ್ಬ. ನೀರು ಹಸಿರು ಗಂಜಿಯಾಯಿತು. ಇಂಥ ನೀರಲ್ಲಿ ನೀಲಿ ಹಸಿರು ಪಾಚಿ ಇದ್ದರೆ ಅದರಲ್ಲಿ ಕೆಲವು ವಿಷ ಬಿಡುತ್ತವೆ, ದನ ಕುಡಿಸಬೇಡಿ.

ಇನ್ನೊಂದು, ನಮ್ಮದು ಎರೆಭೂಮಿ. ಗದಗದ ಗಾಳಿ ಹೇಗಿರುತ್ತದೆ ಅಂತ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದವರಿಗೆ ಹೇಳಬೇಕಿಲ್ಲ. ಕಡಿಮೆ ಆಳದ ಕೆರೆಯಲ್ಲಿ ಅಲೆಯ ಜೋರು ಮುರಿದು ಕೆಸರು ಹಿಡಿದಿಡುವುದು ಈ ಗಿಡಗಳೇ. ಈಗ ಜೋರು ಗಾಳಿ ಬಿಟ್ಟರೆ ನೀರು ಕಪ್ಪಗೆ ಕದಡುತ್ತದೆ. ಬೆಳಕು ತಳ ಮುಟ್ಟುವುದಿಲ್ಲ, ಬೆಳಕಿಲ್ಲದೆ ಗಿಡ ಚಿಗುರುವುದು ಕಷ್ಟ, ಗಿಡ ಇಲ್ಲದೆ ನೀರು ತಿಳಿಯಾಗುವುದಿಲ್ಲ. ತಮಾಷೆ ಏನೆಂದರೆ ಹೈಡ್ರಿಲ್ಲಾದ ಗಡ್ಡೆ ಕೆಸರಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೇರುಸಹಿತ ಅಂದ ಮಾತೂ ಸುಳ್ಳು.

ಅಂತರಗಂಗೆಗೂ ಇದಕ್ಕೂ ಗಂಟು ಹಾಕಬೇಡಿ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ನೋಡಿದ್ದೀರಲ್ಲ, ಅದು ತೇಲುವ ಗಿಡ. ಮೇಲೆ ಚಾಪೆ ಹಾಸಿ ಬೆಳಕು ತಡೆದು ಒಳಗಿನ ಗಿಡವನ್ನೇ ಕೊಲ್ಲುತ್ತದೆ. ಅದನ್ನು ತೆಗೆಯಲೇಬೇಕು. ಎರಡನ್ನೂ "ಕಳೆ" ಅಂತ ಒಂದೇ ರೇಟು ಹೇಳುವವನನ್ನು ದಂಡೆಯಿಂದಲೇ ಕಳಿಸಿ.

ಒಳಗಿನ ಗಿಡ ತೀರಾ ಜಾಸ್ತಿಯಾದರೆ ಸ್ವಲ್ಪ ತೆಗೆಯಬೇಕು, ಇಲ್ಲ ಅನ್ನುವುದಿಲ್ಲ. ರಾತ್ರಿ ಅದೂ ಆಮ್ಲಜನಕ ತಿನ್ನುತ್ತದಲ್ಲ. ಆದರೆ ಕೈಯಿಂದಲೋ ಕುಂಟೆಯಿಂದಲೋ ಎಳೆಯಿರಿ. ಒಂದು ಸಲಕ್ಕೆ ಮೂರನೇ ಒಂದು ಭಾಗ ಸಾಕು, ಎರಡು ವಾರ ಬಿಟ್ಟು ಮುಂದಿನದು. ಎಳೆದದ್ದನ್ನು ನೀರಲ್ಲಿ ಬಿಡದೆ ದಂಡೆಗೆ ಹಾಕಿ, ತಿಪ್ಪೆಗೆ ಒಳ್ಳೆ ಗೊಬ್ಬರ. ಏಪ್ರಿಲ್-ಮೇನಲ್ಲಿ ದೊಡ್ಡದಾಗಿ ಕೈ ಹಾಕಲೇಬೇಡಿ. ಹುಲ್ಲುಗೆಂಡೆ ಮೀನು ಬಿಟ್ಟರೆ ಗಿಡ ತಿನ್ನುತ್ತದೆ. ಸಂಖ್ಯೆ ಜಾಸ್ತಿಯಾದರೆ ಎಲ್ಲವನ್ನೂ ಬೋಳಿಸಿ ನೀರು ಹಸಿರಾಗುವುದು ಅಲ್ಲೂ ಇದೆ.

ಯಾರಾದರೂ ಔಷಧಿ ಅಂತ ತಂದರೆ ಕ್ಯಾನ್ ತಿರುಗಿಸಿ ನೋಡಿ. 1968ರ ಕೀಟನಾಶಕ ಕಾಯ್ದೆ ಪ್ರಕಾರ ಮಾರುವವನಿಗೆ ಲೈಸೆನ್ಸ್ ಬೇಕು, ಡಬ್ಬಿ ಮೇಲೆ ಒಳಗಿರುವುದರ ಹೆಸರು ಬೇಕು, ಕೆಂಪು, ಹಳದಿ, ನೀಲಿ, ಹಸಿರು ಇವುಗಳಲ್ಲಿ ಒಂದು ಬಣ್ಣದ ಗುರುತು ಬೇಕು. ಬಿಲ್ ಕೇಳಿ. ನೀಲಿ ಹರಳು ತಂದರೆ ಅದು ಮೈಲುತುತ್ತ ಇರಬಹುದು. ಅಳತೆ ತಪ್ಪಿದರೆ ಮೀನು ಸಾಯುತ್ತದೆ, ತಾಮ್ರ ಕೆಸರಲ್ಲಿ ಉಳಿಯುತ್ತದೆ.

ಈಗಾಗಲೇ ಯಾರಾದರೂ ಸುರಿದು ಹೋಗಿದ್ದರೆ ಮೀನಿಗೆ ತಿಂಡಿ ಹಾಕುವುದು ನಿಲ್ಲಿಸಿ. ಸತ್ತ ಗಿಡ ಆದಷ್ಟು ಎಳೆದು ಹೊರಗೆ ಹಾಕಿ. ಮಧ್ಯರಾತ್ರಿಯಿಂದ ಬೆಳಕು ಹರಿಯುವವರೆಗೆ ಪಂಪ್ ಹಾಕಿ ಅದೇ ನೀರನ್ನು ಎತ್ತರದಿಂದ ಚಿಮ್ಮಿಸಿ ಕೆರೆಗೇ ಬಿಡಿ. ಕರೆಂಟ್ ಪಾಳಿ ಆ ಹೊತ್ತಿಗೆ ಇಲ್ಲದಿದ್ದರೆ ಡೀಸೆಲ್ ಪಂಪ್ ಬಾಡಿಗೆ ತನ್ನಿ, ಮೀನಿನ ರೇಟಿಗಿಂತ ಅದು ಅಗ್ಗ.