9ನೇ ತಾರೀಕಿನ ಗರ್ಭಿಣಿ ತಪಾಸಣೆ: ನಮ್ಮ ತಾಲ್ಲೂಕು ಆಸ್ಪತ್ರೆಗೆ ನಾಲ್ಕು ಸ್ಟಾರ್

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಇದು. ನಾಲ್ಕು ತಿಂಗಳು ದಾಟಿದವರನ್ನು ಡಾಕ್ಟರೇ ನೋಡುತ್ತಾರೆ. ಐದು ತಿಂಗಳ ಬಸುರಿ ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ಬಿಪಿ, ತೂಕ, ಹಿಮೋಗ್ಲೋಬಿನ್ ಎಲ್ಲಾ ಕಡೆ ನೋಡುತ್ತಾರೆ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನನಗೆ ಮುಖ್ಯ ಅನ್ನಿಸಿದ್ದು ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಸೋಂಕಿನ ಪರೀಕ್ಷೆ.

ಅವಳು ಮೊದಲು ತೋರಿಸುತ್ತಿದ್ದ ಖಾಸಗಿ ಕ್ಲಿನಿಕ್‌ನಲ್ಲಿ ಇದನ್ನು ಬರೆದೇ ಇರಲಿಲ್ಲ. ಇಲ್ಲಿ ಆಪ್ತಸಮಾಲೋಚಕಿ ತಾಯಿ ಕಾರ್ಡ್ ತಿರುವಿ ನೋಡಿದವರೇ, "ಇದು ಆಗಿಲ್ಲವಲ್ಲಮ್ಮ, ಇವತ್ತೇ ಮಾಡಿಬಿಡೋಣ" ಅಂದರು. ತಂಗಿಯನ್ನು ಕೇಳಿಯೇ ನನ್ನನ್ನು ಒಳಗೆ ಬಿಟ್ಟರು. ಉಂಗುರದ ಬೆರಳಿಗೆ ಚುಚ್ಚಿ, ಮೊದಲ ಹನಿ ಹತ್ತಿಯಲ್ಲಿ ಒರೆಸಿ, ಮುಂದಿನ ಹನಿಯನ್ನು ಪುಟ್ಟ ಪಟ್ಟಿಗೆ ಬಿಟ್ಟರು. ಎಚ್‌ಐವಿ, ಸಿಫಿಲಿಸ್ ಎರಡಕ್ಕೂ ಅದೊಂದೇ ಪಟ್ಟಿ. ಕಾಯುತ್ತಾ ಕೂತಿದ್ದಾಗಲೇ ಫಲಿತಾಂಶ ಸಿದ್ಧವಾಯಿತು. ಫಲಿತಾಂಶ ಹೇಳುವಾಗ ಮಾತ್ರ ನನ್ನನ್ನು ಹೊರಗೆ ಕಳಿಸಿದರು. ಹಾಗೇ ಮಾಡಬೇಕು. ನೆಗೆಟಿವ್ ಅಂತ ಆಮೇಲೆ ತಂಗಿಯೇ ಹೇಳಿದಳು.

"ನನಗೆ ಯಾವ ಕಾಯಿಲೆಯೂ ಇಲ್ಲ, ಯಾಕೆ ಮೇಡಂ?" ಅಂತ ಅವಳು ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಈ ಸೋಂಕು ಹೊರಗೆ ಏನೂ ತೋರಿಸದೆ ಒಳಗೇ ಇರಬಹುದು ಅಂತ ಬಿಡಿಸಿ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಉಳಿದಿದ್ದನ್ನು ನಾನು ಹೇಳಿದೆ. ತಾಯಿಯ ರಕ್ತ ಮತ್ತು ಮಗುವಿನ ರಕ್ತ ಬೆರೆಯುವುದಿಲ್ಲ. ನಡುವೆ ಮಾಸು, ಅಂದರೆ ಜರಾಯು ಇದೆ. ತಾಯಿಯ ರಕ್ತಕ್ಕೆ ತಾಗುವ ಅದರ ಹೊರಪದರದಲ್ಲಿ ಜೀವಕೋಶಗಳೆಲ್ಲ ಒಂದಾಗಿ ಹೋಗಿರುತ್ತವೆ, ಹೊಲಿಗೆಯೇ ಇಲ್ಲದ ಬಟ್ಟೆಯ ಹಾಗೆ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ನುಗ್ಗಲು ಸಂದು ಸಿಗುವುದಿಲ್ಲ. ಆದರೆ ಸಿಫಿಲಿಸ್ ತರುವ ಟ್ರೆಪೊನೆಮಾ ಅನ್ನುವ ಬ್ಯಾಕ್ಟೀರಿಯಾ ದಾಟುತ್ತದೆ. ತುಂಬಾ ತೆಳು, ಸುರುಳಿ ಆಕಾರ, ತಿರುಗುತ್ತಾ ಕೊರೆದುಕೊಂಡು ಸಾಗುತ್ತದೆ. ಯಾವ ತಿಂಗಳಲ್ಲಾದರೂ ದಾಟಬಹುದು. ಗರ್ಭಪಾತ ಆಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಸೋಂಕು ಹೊತ್ತೇ ಹುಟ್ಟಬಹುದು.

ಇಷ್ಟು ದೊಡ್ಡ ಅಪಾಯಕ್ಕೆ ಮದ್ದು ಹಳೆಯ ಪೆನಿಸಿಲಿನ್. ಹೊಸ ಸೋಂಕಾದರೆ 24 ಲಕ್ಷ ಯೂನಿಟ್‌ನ ಬೆಂಜಾಥಿನ್ ಪೆನಿಸಿಲಿನ್ ಒಂದು ಡೋಸ್. ಹಳೆಯದಾದರೆ, ಅಥವಾ ಯಾವಾಗ ಬಂತು ಅಂತ ಗೊತ್ತಾಗದಿದ್ದರೆ, ವಾರಕ್ಕೊಂದರಂತೆ ಮೂರು. ಈ ಔಷಧಿಯೂ ಮಾಸು ದಾಟುತ್ತದೆ. ಹಾಗಾಗಿ ತಾಯಿಗೆ ಹಾಕಿದ ಇಂಜೆಕ್ಷನ್ ಮಗುವಿಗೂ ತಲುಪುತ್ತದೆ. ಆದರೆ ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮೊದಲು ಕೊಟ್ಟಿರಬೇಕು. ಅದಕ್ಕೇ ತಪಾಸಣೆಗೆ ಹೆಸರು ಬರೆಸಿದ ಮೊದಲ ದಿನವೇ ಈ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. 9ನೇ ತಾರೀಕಿಗೆ ಕಾಯಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಮಾಡುತ್ತಾರೆ ಅಂತ ಹೇಳುತ್ತಾರೆ.

ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ? ಕೂರಲು ಕುರ್ಚಿ ಸಾಲದು. ತುಂಬು ಬಸುರಿಯರು ಮೆಟ್ಟಿಲ ಮೇಲೆ ಕೂತಿದ್ದರು, ನೋಡಿ ಸಂಕಟವಾಯಿತು. ಮೂತ್ರ ಪರೀಕ್ಷೆಗೆ ಡಬ್ಬಿ ಕೊಟ್ಟರು, ಆದರೆ ಶೌಚಾಲಯದಲ್ಲಿ ನೀರಿರಲಿಲ್ಲ. ಮೂತ್ರದ ಸೋಂಕನ್ನು ಹಾಗೇ ಬಿಟ್ಟರೆ ಕಿಡ್ನಿಗೆ ಏರುತ್ತದೆ, ಅವಧಿಗೆ ಮುಂಚೆ ಹೆರಿಗೆಯಾಗುವ ಭಯವೂ ಇದೆ. ಅಂಥ ಪರೀಕ್ಷೆಗೆ ಬಂದವರಿಗೆ ನೀರು ಬೇಡ್ವಾ?

ಊಟದ ಬಗ್ಗೆ ಸೊಪ್ಪು, ಕಾಳು ತಿನ್ನಿ ಅಂದರು, ಅಷ್ಟೇ. ಹಸಿ ಹಾಲು ಕುಡಿಯಬೇಡಿ ಅಂತ ಯಾರೂ ಹೇಳಲಿಲ್ಲ. ಕಾಯಿಸದ ಹಾಲಿನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದು ಫ್ರಿಡ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಜೀವಕೋಶದ ಒಳಗೇ ಅಡಗಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಮಗುವನ್ನು ಮುಟ್ಟುತ್ತದೆ. ತಾಯಿಗೆ ಸುಮ್ನೆ ಜ್ವರ, ಮೈಕೈ ನೋವು ಅಷ್ಟೇ ಇರಬಹುದು. ಹಾಲು ಕರೆಯುವ ಮನೆಗಳಿಂದ ಬರುವವರೇ ಜಾಸ್ತಿ ಇರುವ ಊರಲ್ಲಿ ಇದನ್ನು ಗೋಡೆಗೆ ಬರೆದು ಹಾಕಬಹುದು, ಅಲ್ವಾ?

ಹೋಗುವವರು ತಾಯಿ ಕಾರ್ಡ್, ಹಳೆಯ ರಿಪೋರ್ಟುಗಳು, ಕುಡಿಯುವ ನೀರು, ತಿಂಡಿ ಇಟ್ಟುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. 9ನೇ ತಾರೀಕು ಭಾನುವಾರ ಬಂದರೆ ಮಾರನೇ ದಿನ ಇರುತ್ತದೆ. ಗಂಡನನ್ನೂ ಕರೆದುಕೊಂಡು ಹೋಗಿ. ಸಿಫಿಲಿಸ್‌ಗೆ ಹೆಂಡತಿಗೆ ಮಾತ್ರ ಚಿಕಿತ್ಸೆ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಮತ್ತೆ ಬರಬಹುದು. ಅವರ ರಕ್ತವನ್ನೂ ಅಲ್ಲೇ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ನಾವು ಹೋದ ದಿನ ಹೊರಗೆ ಬೈಕಿನ ಹತ್ತಿರ ನಿಂತಿದ್ದ ಗಂಡಸರನ್ನು ಯಾರೂ ಒಳಗೆ ಕರೆಯಲಿಲ್ಲ.