ಎರವಲು ಕೋಡ್ ಇದ್ದರೆ ‘ಲೈಸೆನ್ಸ್ ಆಮೇಲೆ ನೋಡೋಣ’ ಅನ್ನಬೇಡಿ

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ ದಲಾಲಿ ಅಂಗಡಿಗಳಿಗೆಂದು ಒಂದು ಚಿಕ್ಕ ಸಾಫ್ಟ್‌ವೇರ್ ಬರೆದಿದ್ದೆ. ಚೀಲದ ತೂಕ, ಹಮಾಲಿ, ರೈತರಿಗೆ ಕೊಡುವ ಪಟ್ಟಿ, ಅಷ್ಟೇ. ನಾಲ್ಕು ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟೆ. ಕೋಡ್ ಎಲ್ಲರಿಗೂ ಸಿಗುವಂತೆ ಇಡುವ ಗಿಟ್‌ಹಬ್‌ ತಾಣಕ್ಕೆ ಏರಿಸುವಾಗ ಎಂಐಟಿ ಲೈಸೆನ್ಸ್ ಆರಿಸಿದೆ. ಕಾಪಿರೈಟ್ ಸಾಲು ಉಳಿಸಿಕೊಂಡು ಯಾರು ಹೇಗೆ ಬೇಕಾದರೂ ಬಳಸಿ ಅನ್ನುವ ಅನುಮತಿ ಅದು. ಚಿಕ್ಕದಾಗಿದೆ, ಎಲ್ಲರೂ ಅದನ್ನೇ ಹಾಕ್ತಾರೆ ಅಲ್ವಾ ಅಂತ.

ಆದರೆ ತೂಕದ ಮಷಿನ್‌ನಿಂದ ಅಂಕಿ ಓದುವ ಎರಡು ಫೈಲ್ ನನ್ನವಲ್ಲ. ಜಿಪಿಎಲ್ ಅನ್ನುವ ಇನ್ನೊಂದು ಲೈಸೆನ್ಸ್‌ನಲ್ಲಿದ್ದ ಬೇರೊಬ್ಬರ ಪ್ರಾಜೆಕ್ಟಿಂದ ಎತ್ತಿದ್ದು. ಮೇಲಿದ್ದ ಕಾಪಿರೈಟ್ ಸಾಲುಗಳನ್ನು ಸುಮ್ನೆ ಜಾಗ ತಿನ್ನುತ್ತವೆ ಅಂತ ಅಳಿಸಿದವನೂ ನಾನೇ. ಜಿಪಿಎಲ್ ಕೋಡ್ ಸೇರಿಸಿ ಹಂಚಿದರೆ ಇಡೀ ಪ್ರೋಗ್ರಾಂ ಜಿಪಿಎಲ್‌ನಲ್ಲೇ ಹೋಗಬೇಕು. ನಾನೊಬ್ಬನೇ ಬಳಸಿಕೊಂಡಿದ್ದರೆ ತಕರಾರಿರಲಿಲ್ಲ. ಪೆನ್‌ಡ್ರೈವ್ ಬೇರೆಯವರ ಕೈಗೆ ಹೋಯಿತಲ್ಲ, ಅದೇ ಹಂಚಿಕೆ. (ದುಡ್ಡು ತಗೊಂಡಿದ್ದು ತಪ್ಪಲ್ಲ. ಮಾರಬೇಡಿ ಅಂತ ಜಿಪಿಎಲ್ ಹೇಳುವುದಿಲ್ಲ, ಕೊಂಡವರಿಗೆ ಸೋರ್ಸ್, ಅಂದರೆ ಮೂಲ ಕೋಡ್, ಕೊಡಿ ಅನ್ನುತ್ತದೆ.)

ಹುಬ್ಬಳ್ಳಿಯ ಒಂದು ಕಂಪನಿ ಇದನ್ನು ಕೊಳ್ಳಲು ಬಂದಾಗ ಬಯಲಾಯಿತು. ಅವರ ಹುಡುಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಎರಡು ಫೈಲ್ ಪಕ್ಕಪಕ್ಕ ತೋರಿಸಿದ. ಮೂಲದ ಕಾಮೆಂಟಿನಲ್ಲಿದ್ದ ಸ್ಪೆಲಿಂಗ್ ತಪ್ಪು ಕೂಡ ನನ್ನದರಲ್ಲಿ ಹಾಗೇ ಇತ್ತು. ‘ಸರ್, ಇದನ್ನ ನೀವ ಬರದೀರೇನ್ರಿ?’ ಅಂದ. ವ್ಯವಹಾರ ಅಲ್ಲಿಗೇ ನಿಂತಿತು.

ಸರಿ, ಜಿಪಿಎಲ್‌ಗೇ ಬದಲಾಯಿಸೋಣ ಅಂದುಕೊಂಡೆ. ಅಲ್ಲೂ ಗಂಟು. ಪಟ್ಟಿ ಪ್ರಿಂಟ್ ಮಾಡಲು ಬಳಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅಪಾಚೆ 2.0 ಅನ್ನುವ ಮತ್ತೊಂದು ಲೈಸೆನ್ಸ್‌ನದು. ಅದರ ಪೇಟೆಂಟ್ ಶರತ್ತು 1991ರ ಜಿಪಿಎಲ್ 2ಕ್ಕೆ ಒಗ್ಗುವುದಿಲ್ಲ, 2007ರ ಜಿಪಿಎಲ್ 3ಕ್ಕೆ ಒಗ್ಗುತ್ತದೆ. ಅಂದರೆ ನಾನು ಅಳಿಸಿದ್ದ ಆ ಸಾಲುಗಳಲ್ಲೇ ಉತ್ತರ ಇತ್ತು. ‘ಆವೃತ್ತಿ 2 ಅಥವಾ ನಂತರದ ಯಾವುದೇ ಆವೃತ್ತಿ’ ಅಂತ ಇದ್ದರೆ 3ಕ್ಕೆ ಹೋಗಬಹುದಿತ್ತು. ಮೂಲ ಫೈಲ್ ಹುಡುಕಿ ನೋಡಿದೆ: ‘ಆವೃತ್ತಿ 2 ಮಾತ್ರ’. ಆ ಕೋಡ್ ಬರೆದವರಿಗೆ ಅನುಮತಿ ಕೇಳಿ ಮೇಲ್ ಹಾಕಿದೆ, ಉತ್ತರವೇ ಇಲ್ಲ.

ಎರಡೂ ಫೈಲ್ ಕಿತ್ತು ಹಾಕಿದೆ. ಹಳೆಯದನ್ನು ಮತ್ತೆ ತೆರೆಯದೆ, ಮಷಿನ್‌ನ ಮ್ಯಾನುವಲ್ ಒಂದನ್ನೇ ಇಟ್ಟುಕೊಂಡು ಹೊಸದಾಗಿ ಬರೆದೆ. ಹದಿನೇಳು ರಾತ್ರಿ ಹಿಡಿಯಿತು.

ಹಾಗಾಗಿ ಕೋಡ್ ಎತ್ತುವ ದಿನವೇ ಫೈಲಿನ ತಲೆಯ ಮೇಲಿನ ಸಾಲು ಓದಿ, ಅಳಿಸಬೇಡಿ. ಯಾವ ಫೈಲ್ ಎಲ್ಲಿಂದ ಬಂತು ಅಂತ ಒಂದು ಕಡೆ ಬರೆದಿಡಿ. ಲೈಸೆನ್ಸೇ ಇಲ್ಲದ ಕೋಡ್ ಫ್ರೀ ಅಂದುಕೊಳ್ಳುವವರೇ ಜಾಸ್ತಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದರ ಹಕ್ಕು ಪೂರ್ತಿ ಬರೆದವರದ್ದೇ. ಅದನ್ನಂತೂ ಮುಟ್ಟಲೇಬೇಡಿ.

ಆಮೇಲೆ ಬ್ಯಾಡಗಿಗೆ ಹೋಗಿ ನಾಲ್ಕೂ ಅಂಗಡಿಯಲ್ಲಿ ಹೊಸದು ಹಾಕಿ ಬಂದೆ. ‘ಏನ್ ಬದಲಾತ್ರಿ?’ ಅಂತ ದಲಾಲರೊಬ್ಬರು ಸ್ಕ್ರೀನ್ ನೋಡುತ್ತಾ ಕೇಳಿದರು. ತೋರಿಸಲು ಅಲ್ಲಿ ಏನೂ ಇರಲಿಲ್ಲ.