ನೆರೆ ಪರಿಹಾರದ ಕುಟುಂಬ ಕಿಟ್: ಉತ್ತರ ಕನ್ನಡದ ಗಂಗಾವಳಿ ನದಿ ದಂಡೆಗೆ ಎಷ್ಟು ಹೊಂದುತ್ತದೆ?

ಅಂತರರಾಷ್ಟ್ರೀಯ ಅಳತೆಗೆ ಕಟ್ಟಿದ ಕಿಟ್ಟಿನಲ್ಲಿ ಸಾಮಾನ್ಯವಾಗಿ ತಾಡಪತ್ರಿ, ಹಗ್ಗ, ನೀರಿನ ಕ್ಯಾನು, ಕ್ಲೋರಿನ್ ಮಾತ್ರೆ, ಸೋಪು, ಹೊದಿಕೆ, ಪಾತ್ರೆ ಇರುತ್ತವೆ. ಸಾಮಾನು ಗಟ್ಟಿ. ಜೊತೆಗಿರುವ ಸೂಚನೆ ಮಾತ್ರ ನಮ್ಮ ಕೊಡ, ನಮ್ಮ ಮಾಡು, ನಮ್ಮ ಬಾವಿ ನೋಡಿ ಬರೆದದ್ದಲ್ಲ.

ಮೊದಲು ಮಾತ್ರೆ. 67 ಮಿಲಿಗ್ರಾಂ ಮಾತ್ರೆ 20 ಲೀಟರ್ ತಿಳಿನೀರಿಗೆ ಒಂದು. ಆ 67 ಮಿಲಿಗ್ರಾಂ ಎಲ್ಲವೂ ಕ್ಲೋರಿನ್ ಅಲ್ಲ, ಬಿಡುಗಡೆಯಾಗುವುದು ಲೀಟರಿಗೆ ಸುಮಾರು 2 ಮಿಲಿಗ್ರಾಂ. ಅದನ್ನೇ 10 ಲೀಟರಿನ ಕೊಡಕ್ಕೆ ಹಾಕಿದರೆ ಎರಡು ಪಟ್ಟಾಗುತ್ತದೆ. ಆ ವಾಸನೆಗೆ ಜನ ನೀರು ಚೆಲ್ಲಿ, ನೆರೆ ನುಗ್ಗಿದ ಬಾವಿಯದನ್ನೇ ಮತ್ತೆ ಸೇದಿ ಕುಡಿಯುತ್ತಾರೆ. ಕೆಂಪು ರಾಡಿ ನೀರಿನಲ್ಲಿ ಆಗುವುದು ಇದರ ತಿರುಗುಮುರುಗು: ಕೊಳೆತ ಎಲೆ, ಕೆಸರು ಸೇರಿ ಕ್ಲೋರಿನ್ನನ್ನು ನುಂಗಿಬಿಡುತ್ತವೆ, ರೋಗಾಣು ಸಾಯುವುದಿಲ್ಲ. ಮೊದಲು ನೀರನ್ನು ತಿಳಿಯಾಗಲು ಬಿಡಿ, ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಆಮೇಲೂ ಕದಡಿದ್ದರೆ 20 ಲೀಟರಿಗೆ ಎರಡು ಮಾತ್ರೆ ಹಾಕಿ, 30 ನಿಮಿಷ ಮುಚ್ಚಿಡಿ. ಕೊನೆಗೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಪರೀಕ್ಷಾ ಪಟ್ಟಿ ಹಲವು ಕಿಟ್‌ಗಳಲ್ಲಿ ಇರುವುದೇ ಇಲ್ಲ. ಇದು ದೊಡ್ಡ ಕೊರತೆ. ಅಳಿವೆ ಹತ್ತಿರದ ಬಾವಿಗೆ ಉಪ್ಪುನೀರು ಸೇರಿದ್ದರೆ ಮಾತ್ರೆಯಿಂದ ಏನೂ ಆಗದು, ಅಲ್ಲಿ ಟ್ಯಾಂಕರೇ ಬೇಕು.

ಕ್ಯಾನು ಒಂದೇ ಕೊಟ್ಟರೆ ಸಾಲದು. ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಎಂಬ ಕನಿಷ್ಠ ಮಾನದಂಡದಂತೆ ತಲೆಗೆ ದಿನಕ್ಕೆ 15 ಲೀಟರ್, ಐದು ಜನರ ಮನೆಗೆ 75 ಲೀಟರ್. ತರಲೊಂದು, ಮುಚ್ಚಿಡಲೊಂದು ಬೇಕೇ ಬೇಕು.

ತಾಡಪತ್ರಿ ಈ ಕಿಟ್ಟಿನ ಅತ್ಯುತ್ತಮ ವಸ್ತು. 4×6 ಮೀಟರಿನದು ಸುಮಾರು ನಾಲ್ಕೂವರೆಯಿಂದ ಐದು ಕೆಜಿ ತೂಗುತ್ತದೆ. ತಕ್ಕಡಿಗಿಟ್ಟಾಗ ಅದಕ್ಕಿಂತ ಬಹಳ ಕಡಿಮೆ ಬಂದರೆ ತೆಳು ಮಾಲು ಎಂದೇ ತಿಳಿಯಿರಿ. ಹಾಳಾಗುವುದು ಕಟ್ಟುವ ರೀತಿಯಿಂದ. ನೇರ ಮೊಳೆ ಹೊಡೆದರೆ ಗಾಳಿಗೆ ಅಲ್ಲಿಂದಲೇ ಹರಿಯುತ್ತದೆ. ಮೇಲೊಂದು ಅಡಿಕೆ ದಬ್ಬೆ ಇಟ್ಟು, ದಬ್ಬೆಯ ಮೂಲಕ ಮೊಳೆ ಹೊಡೆಯಿರಿ. ಅಂಚಿನ ತೂತು ಕಿತ್ತುಹೋದರೆ ನುಣುಪಾದ ಸಣ್ಣ ಕಲ್ಲನ್ನು ತಾಡಪತ್ರಿಯ ಅಂಚಿನೊಳಗೇ ಸುತ್ತಿ, ಕುತ್ತಿಗೆಗೆ ಹಗ್ಗ ಬಿಗಿದರೆ ಮತ್ತೆ ಹಿಡಿತ ಸಿಗುತ್ತದೆ. ಆಷಾಢದ ಮಳೆಗೆ ಚಪ್ಪಟೆಯಾಗಿ ಕಟ್ಟಿದರೆ ನೀರು ನಿಂತು ಜೋತುಬೀಳುತ್ತದೆ, 30 ಡಿಗ್ರಿಯಾದರೂ ಇಳಿಜಾರು ಇರಲಿ. ಇಳಿಜಾರು ಕೊಟ್ಟ ಮೇಲೆ ನೆಲದ ನೆರಳು 24 ಚದರ ಮೀಟರಿಗಿಂತ ಕಡಿಮೆಯಾಗುವುದರಿಂದ ಐದು ಜನರ ಮನೆಗೆ ಒಂದೇ ಸಾಲದೆ ಬರಬಹುದು. ಎರಡು ಕೊಡುವುದೇ ಸರಿ.

ಸೋಪು, ಹೊದಿಕೆ ಚೆನ್ನಾಗಿವೆ. ಧಾನ್ಯ ಸೇರಿಸುವವರು ಗೋಧಿ ಹಿಟ್ಟು ಬಿಟ್ಟು ಕುಚ್ಚಲಕ್ಕಿ ಕೊಡಲಿ. ಜ್ವರದವರೂ ಅದರ ಗಂಜಿ ಕುಡಿಯುತ್ತಾರೆ.

ಇನ್ನು ಹಂಚಿಕೆ, ಈ ಇಡೀ ಸೇವೆಯಲ್ಲಿ ಅತಿ ದುರ್ಬಲವಾದ ಭಾಗ. ಹೆದ್ದಾರಿ 66ರ ಬದಿಯ ಮನೆಗೆ ಮೂರು ಕಿಟ್, ಸೇತುವೆ ಕೊಚ್ಚಿಹೋದ ಒಳಹಳ್ಳಿಗೆ ಒಂದೂ ಇಲ್ಲ: ಪಟ್ಟಿ ಒಂದೇ ಕಡೆ ಇಲ್ಲದಿದ್ದರೆ ಹೀಗಾಗದೆ ಇರದು. ಬೇರೆ ದೇಶಗಳಲ್ಲಿ ವಿಶ್ವಸಂಸ್ಥೆಯ ಸಮನ್ವಯ ಕಚೇರಿ ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಕಾಲಮ್ಮಿನ ಪಟ್ಟಿ ಇಡುತ್ತದೆ. ನಮ್ಮಲ್ಲಿ 2005ರ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆ ಪಟ್ಟಿ ಕಾರವಾರದಲ್ಲಿ ಇರಬೇಕು, ಕಾಳಜಿ ಕೇಂದ್ರ ಮತ್ತು ಪಂಚಾಯತಿಯಿಂದ ದಿನಾ ಸಂಜೆ ತುಂಬಬೇಕು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಂತೆ ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ಊರಿನ ಸಂಘಕ್ಕೆ ದುಡ್ಡು ಕೊಟ್ಟು ಕಿಟ್ ಕಟ್ಟಿಸುವ ದಾರಿ ಮುಚ್ಚಿದೆ. ಸಂಸ್ಥೆ ತಾನೇ ಅಂಕೋಲಾ, ಕುಮಟಾ ಪೇಟೆಯಲ್ಲಿ ಅಕ್ಕಿ, ಕೊಡ ಕೊಳ್ಳಬಹುದು. ಮನೆ ಗುರುತಿಸುವುದು, ದೋಣಿ ಗೊತ್ತುಮಾಡುವುದು ಸಂಘದವರ ಪಾಲಿಗಿರಲಿ.

ಹವೆ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ, ಮಳೆ ಒಮ್ಮೆಲೇ ಸುರಿಯುತ್ತದೆ. ನದಿ ಏರಿದ ಮೇಲೆ ಲಾರಿ ಘಟ್ಟ ಇಳಿಯುವುದನ್ನು ಕಾಯುವ ಬದಲು ಮೇ ತಿಂಗಳಲ್ಲೇ ಎತ್ತರದ ಶಾಲೆಯಲ್ಲಿ ಕಿಟ್ ಇಡಿ. ಪ್ರತಿ ಮಾತ್ರೆ ಸ್ಟ್ರಿಪ್ಪಿಗೆ ಕನ್ನಡದ ಚೀಟಿ ಅಂಟಿಸಿ: ಒಂದು ಮಾತ್ರೆ, ಎರಡು ಕೊಡ, ಅರ್ಧ ಗಂಟೆ. ಹತ್ತು ಲೀಟರ್ ಎಲ್ಲಿಗೆ ಬರುತ್ತದೆಂದು ಕೊಡದ ಮೇಲೆ ಗೆರೆ ಎಳೆದುಕೊಡಿ.